ಸಾಕ್ಷಿಯ ಬಾಯಿ ಕಟ್ಟಿದವರು

2000ರ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ವಿಚಾರಣೆ ವೇಳೆ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದಿದ್ದರು.

ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ಹಾಗಾದರೆ ಕಂಬಾಲಪಲ್ಲಿಯಲ್ಲಿ ಮೊದಲು ಜೈಲಿಗೆ ಹೋಗಬೇಕಾದವರು ಯಾರು? ಮನೆಮಂದಿಯನ್ನು ಬೆಂಕಿಗೆ ಕೊಟ್ಟು ಬದುಕುಳಿದವರೇ?

ಯಾದಗಿರಿ ಜಿಲ್ಲೆಯಲ್ಲಿ ನಾರಾಯಣಪುರದ ಎಡದಂಡೆ ಕಾಲುವೆ ಹರಿಯುವ ಊರುಗಳಲ್ಲಿ ಸಾಕ್ಷಿಯಾದ ಕೂಲಿಕಾರರ ಸ್ಥಿತಿ ನೆನೆಯಿರಿ. ಆರೋಪಿಯ ಗದ್ದೆಯಲ್ಲೇ ನಾಟಿ, ಅವನ ಮನೆಯಲ್ಲೇ ಸಾಲ. ಸಮನ್ಸ್ ಬಂದಾಗ ಮನುಷ್ಯ ದುಡಿಯಲು ಬೆಂಗಳೂರಿಗೆ ಹೋಗಿರುತ್ತಾನೆ. ದಿನಗೂಲಿ ಬಿಟ್ಟು, ಬಸ್ ಹಿಡಿದು ಸುರಪುರದ ಕೋರ್ಟಿಗೆ ಬಂದರೆ ವಾಯಿದೆ ಮುಂದಕ್ಕೆ ಹೋಗಿರುತ್ತದೆ. ಹೀಗೆ ವರ್ಷಗಳು ಸವೆದ ಮೇಲೆ ಅವನು ‘ನಂಗೇನೂ ಗೊತ್ತಿಲ್ರೀ ಸಾಹೇಬ್ರ’ ಎಂದರೆ ಅದು ಸುಳ್ಳೇ ಸರಿ. ಆದರೆ ಆ ಸುಳ್ಳಿನ ಮಾಲೀಕ ಬೇರೆ.

ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಹೇಳಿಕೆ ಬದಲಿಸುತ್ತಲೇ ಹೋದ ಜಹೀರಾ ಶೇಖ್‌ಗೆ ಸುಪ್ರೀಂ ಕೋರ್ಟ್ 2006ರಲ್ಲಿ ಒಂದು ವರ್ಷ ಜೈಲು, 50 ಸಾವಿರ ರೂಪಾಯಿ ದಂಡ ವಿಧಿಸಿತು. ಅದೂ ಸುಳ್ಳುಸಾಕ್ಷ್ಯಕ್ಕಲ್ಲ, ನ್ಯಾಯಾಂಗ ನಿಂದನೆಗೆ. ಆಕೆ ಬೇಕರಿಗೆ ಹಚ್ಚಿದ ಬೆಂಕಿಯಲ್ಲಿ ತನ್ನವರನ್ನೇ ಕಳೆದುಕೊಂಡಿದ್ದ ಹುಡುಗಿ.

ಹಾಗೆಂದು ಸುಳ್ಳುಗಾರರನ್ನೆಲ್ಲ ಬಿಟ್ಟುಬಿಡಿ ಎನ್ನಲಾಗದು. ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಖೊಟ್ಟಿ ಕಾಗದ ಲಗತ್ತಿಸಿ, ಬಡವನ ಹೊಲ ತನ್ನದೆಂದು ಅಫಿಡವಿಟ್ ಹಾಕುವವನಿಗೆ ಹೆದರಿಕೆಯ ನೆಪವಿಲ್ಲ. ನ್ಯಾಯಾಲಯವೇ ದೂರು ಕೊಡಬೇಕೆನ್ನುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 379ನೇ ಸೆಕ್ಷನ್ ಮೊದಲು ಬಳಕೆಯಾಗಬೇಕಾದದ್ದು ಇಂಥವನ ಮೇಲೆ.

ಬಡ ಸಾಕ್ಷಿ ತಿರುಗಿದ ಕಡೆ ಹುಡುಕಬೇಕಾದದ್ದು ತಿರುಗಿಸಿದವನನ್ನು. ಸುಳ್ಳು ಹೇಳೆಂದು ಬೆದರಿಸುವುದು ನ್ಯಾಯ ಸಂಹಿತೆಯ 232ನೇ ಸೆಕ್ಷನ್‌ನಡಿ ಅಪರಾಧ. ಅದಕ್ಕೂ ಏಳು ವರ್ಷ. ಇಲ್ಲಿ ಪೊಲೀಸರೇ ನೇರ ಎಫ್‌ಐಆರ್ ದಾಖಲಿಸಬಹುದು. ಸಾಕ್ಷಿ ರಕ್ಷಣಾ ಯೋಜನೆಗೆ 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟಿದೆ.

ಸಾಕ್ಷ್ಯ ನಿಂತರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಬಳಿಕ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಹತ್ತು ವರ್ಷವೂ ಸಾಕ್ಷಿಗಳು ಅದೇ ಊರಿನ ಅಕ್ಕಪಕ್ಕದವರ ಎದುರೇ ಬದುಕಬೇಕಿತ್ತು.