ಹೆರಿಗೆಗೆ ಬಂದವಳನ್ನು ಬಿಜಾಪುರಕ್ಕೆ ಅಟ್ಟುವುದು ನಿಲ್ಲಲಿ

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ, ಅರವಳಿಕೆ ಮತ್ತು ಮಕ್ಕಳ ತಜ್ಞರು ಮೂವರೂ ಒಂದೇ ಹೊತ್ತಿಗೆ ಸಿಗಬೇಕು. ಒಬ್ಬರು ರಜೆ ಹಾಕಿದರೂ ಆಪರೇಷನ್ ಥಿಯೇಟರ್ ಇದ್ದೂ ಇಲ್ಲದಂತೆ. ವಿಜಯಪುರ (ಬಿಜಾಪುರ) ಜಿಲ್ಲೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನಾನು ಇದನ್ನು ಬಹಳ ಸಲ ಕಂಡಿದ್ದೇನೆ.

ಒಂದು ರಾತ್ರಿ ಚೊಚ್ಚಲ ಬಸುರಿಯೊಬ್ಬಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದಿದ್ದೆ. ಕೂಸಿನ ಎದೆಬಡಿತ ಇಳಿಯುತ್ತಿತ್ತು. ‘ಅರವಳಿಕೆ ಡಾಕ್ಟರ್ ಇಲ್ರಿ ಸಿಸ್ಟರ್, ಬಿಜಾಪುರಕ್ಕ ಒಯ್ರಿ’ ಎಂದು ತಾಯಿ ಕಾರ್ಡ್ ಕೈಗಿಟ್ಟ ಸ್ಟಾಫ್ ನರ್ಸ್, ಹೆರಿಗೆ ಕೋಣೆ, ವಾರ್ಡು ಎರಡನ್ನೂ ಒಬ್ಬಳೇ ನೋಡುತ್ತಿದ್ದಳು. ಆಂಬುಲೆನ್ಸಿನಲ್ಲಿ ಬಸುರಿಯ ಅತ್ತೆ ನನ್ನ ಕೈ ಬಿಡದೆ, ‘ಬಾಯಾರ, ಇನ್ನೆಷ್ಟ ದೂರ ಐತ್ರಿ?’ ಎಂದು ಕೇಳುತ್ತಲೇ ಇದ್ದಳು. ತಾಯಿ, ಕೂಸು ಇಬ್ಬರೂ ಉಳಿದರು. ಎಲ್ಲರಿಗೂ ಆ ಅದೃಷ್ಟವಿಲ್ಲ.

ವಿಜಯಪುರ ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ., ಸಿಂದಗಿಯಿಂದ 60. ಇಂಡಿ ಗಡಿಭಾಗದವರು ಸೊಲ್ಲಾಪುರದ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಹೊತ್ತು ಬರುತ್ತಾರೆ. ಆ ಸಾಲ ತೀರಿಸಲು ಗಂಡ-ಹೆಂಡತಿ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ.

ವೈದ್ಯರನ್ನಷ್ಟೇ ದೂರಿ ಫಲವಿಲ್ಲ. ಸೋರದ ಕ್ವಾರ್ಟರ್ಸ್, ಮಕ್ಕಳಿಗೆ ಒಳ್ಳೆಯ ಶಾಲೆ, ರಾತ್ರಿ ಪಾಳಿ ಹಂಚಿಕೊಳ್ಳಲು ಇನ್ನೊಬ್ಬ ತಜ್ಞ ಇಲ್ಲದ ಕಡೆ ಯಾರು ನಿಂತಾರು? ಕಡ್ಡಾಯ ಸೇವೆಗೆ ಬಂದ ಹೊಸ ವೈದ್ಯರು ಅವಧಿ ಮುಗಿದೊಡನೆ ಹೊರಡುತ್ತಾರೆ.

2025ರಲ್ಲಿ ವಿಜಯಪುರದ ಜನ ಖಾಸಗಿ ಸಹಭಾಗಿತ್ವ ಬೇಡ, ಪೂರ್ಣ ಸರ್ಕಾರಿ ವೈದ್ಯಕೀಯ ಕಾಲೇಜೇ ಬೇಕು ಎಂದು ತಿಂಗಳುಗಟ್ಟಲೆ ಧರಣಿ ಕೂತರು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಕಾಲೇಜು ಬಂದ ಮಾತ್ರಕ್ಕೆ ಮುದ್ದೇಬಿಹಾಳಕ್ಕೆ ಅರವಳಿಕೆ ತಜ್ಞ ಬಂದುಬಿಡುವುದಿಲ್ಲ. ಇಲ್ಲಿಯ ಮಕ್ಕಳೇ ಓದಿ ಇಲ್ಲಿ ನಿಲ್ಲಬೇಕು. ಸಿಂದಗಿಯ ಪಕ್ಕದ ಜೇವರ್ಗಿ, ಅಫಜಲಪುರದ ಮಕ್ಕಳಿಗೆ ಓದಿಗೂ ಕೆಲಸಕ್ಕೂ ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಇದೆ. ನಮ್ಮ ಜಿಲ್ಲೆ ಅದರ ಹೊರಗಿದೆ. ಆದ್ದರಿಂದ ಸರ್ಕಾರವೇ ಬೇರೆ ದಾರಿ ಮಾಡಬೇಕು. ನಮ್ಮ ತಾಲ್ಲೂಕುಗಳ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೆ ನರ್ಸಿಂಗ್, ವೈದ್ಯಕೀಯ ಓದಿನ ಖರ್ಚು ಕೊಟ್ಟು, ಊರಲ್ಲೇ ಕೆಲಸದ ಕರಾರು ಮಾಡಿಕೊಳ್ಳಲಿ. ಸೇವೆಯಲ್ಲಿರುವ ಎಂಬಿಬಿಎಸ್ ವೈದ್ಯರನ್ನು ಎರಡು ವರ್ಷದ ಅರವಳಿಕೆ, ಹೆರಿಗೆ, ಮಕ್ಕಳ ಡಿಪ್ಲೊಮಾಕ್ಕೆ ಕಳಿಸಲಿ. ರಾಷ್ಟ್ರೀಯ ಪರೀಕ್ಷಾ ಮಂಡಳಿ 2020ರಲ್ಲೇ ಇವನ್ನು ಆರಂಭಿಸಿದೆ.

ಆಶಾ ಕಾರ್ಯಕರ್ತೆಯರನ್ನು ಮರೆಯಬಾರದು. ಮೂರನೇ ತಿಂಗಳಲ್ಲೇ ಬಸುರಿಯ ಹೆಸರು ಬರೆಸುವವಳು, ರಕ್ತಹೀನತೆ ಕಂಡು ಗುಳಿಗೆ ನುಂಗಿಸುವವಳು ಅವಳೇ. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಬೀದಿಯಲ್ಲಿ ಮಲಗಿದ ಮೇಲೆ ತಿಂಗಳಿಗೆ 10 ಸಾವಿರ ರೂಪಾಯಿಯ ಭರವಸೆ ಅವರಿಗೆ ಸಿಕ್ಕಿತು. ಅದನ್ನು ಜಾರಿ ಮಾಡಿ ಎಂದು ಅದೇ ವರ್ಷ ಮತ್ತೆ ಬೀದಿಗಿಳಿಯಬೇಕಾಯಿತು.

ನಮ್ಮ ಜಿಲ್ಲೆಯ ತಾಲ್ಲೂಕುಗಳ ಶಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಹೊಸ ಕಟ್ಟಡದ ಅಡಿಗಲ್ಲು ಇಡುವ ಮೊದಲು, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಂದು ರಾತ್ರಿ ಆ ಮೂವರು ತಜ್ಞರು ಇದ್ದಾರೆಯೇ ಎಂದು ವಿಚಾರಿಸಿ. ಇಲ್ಲವಾದರೆ ಮೊದಲು ಆ ಹುದ್ದೆ ತುಂಬಿಸಿ.