ಪ್ರತಿ ಚಳಿಗಾಲಕ್ಕೂ ಒಂದು ಹೊಸ ಟೆಂಟ್ ಯಾಕೆ?



ನವೆಂಬರ್ ಬಂತೆಂದರೆ ದೋಹಾದ ಕನ್ನಡಿಗರಿಗೆ ಎರಡು ಹಬ್ಬ: ಒಂದು ರಾಜ್ಯೋತ್ಸವ, ಇನ್ನೊಂದು ಕ್ಯಾಂಪಿಂಗ್. ಸೀಲೈನ್, ಜಿಕ್ರೀತ್, ಖೋರ್ ಅಲ್ ಅದೈದ್ ಕಡೆಗೆ ಶುಕ್ರವಾರ ಗಾಡಿಗಳು ಹೊರಡುತ್ತವೆ. ಅದಕ್ಕೂ ಮೊದಲು ಮಾಲ್‌ಗೆ ಒಂದು ಸುತ್ತು. ಹೊಸ ಟೆಂಟ್, ಮಡಚುವ ಕುರ್ಚಿ, ಮಲಗುವ ಚೀಲ. ಏಪ್ರಿಲ್ ಹೊತ್ತಿಗೆ ಎಲ್ಲವೂ ಬಾಲ್ಕನಿ ಸೇರುತ್ತವೆ, ಮುಂದಿನ ನವೆಂಬರಿನಲ್ಲಿ ಕಸದ ತೊಟ್ಟಿ. ಆಮೇಲೆ ಮತ್ತೆ ಮಾಲ್!

ನಮ್ಮ ಟೆಂಟುಗಳು ಹಾಳಾಗುವುದು ಮರುಭೂಮಿಯಲ್ಲಲ್ಲ, ಬಾಲ್ಕನಿಯಲ್ಲಿ. 45 ಡಿಗ್ರಿ ದಾಟುವ ಬೇಸಿಗೆಯ ಬಿಸಿಲು ನೈಲಾನ್ ಎಳೆಯನ್ನೇ ತಿನ್ನುತ್ತದೆ. ಆಗಸ್ಟಿನ ಸೆಕೆ, ತೇವಕ್ಕೆ ನೀರು ತಡೆಯುವ ಪಾಲಿಯುರೆಥೇನ್ ಲೇಪ ಅಂಟಂಟಾಗಿ ಸುಲಿದು ಬರುತ್ತದೆ. ಉಪ್ಪು ಬೆರೆತ ಮರಳು ಜಿಪ್‌ಗಳನ್ನು ಸವೆಸುತ್ತದೆ. ಹಳೇ ಟೂತ್‌ಬ್ರಶ್‌ನಿಂದ ಜಿಪ್ ಉಜ್ಜಿ, ಬಟ್ಟೆ ಚೆನ್ನಾಗಿ ಒಣಗಿಸಿ, ಮನೆಯೊಳಗೆ ಸಡಿಲವಾಗಿ ಮಡಚಿಟ್ಟರೆ ಅದೇ ಟೆಂಟ್ ವರ್ಷಗಟ್ಟಲೆ ಬರುತ್ತದೆ. ಇದಕ್ಕೇನೂ ಇಂಜಿನಿಯರಿಂಗ್ ಓದಬೇಕಾಗಿಲ್ಲ. (ಓದಿದವರೇ ನಮ್ಮಲ್ಲಿ ಹೆಚ್ಚು ಅನ್ನುವುದು ಬೇರೆ ಮಾತು.)

ಇಷ್ಟಾದ ಮೇಲೂ ಕೊಳ್ಳಲೇಬೇಕಾದರೆ ನಮ್ಮ ನಾಡಿನದನ್ನು ಕೊಳ್ಳೋಣ ಎನ್ನುತ್ತೇನೆ. "ಊರಿಂದ ಹೊತ್ತು ತರೋದಾ?" ಅಂತ ನಗುವವರಿಗೆ 2017 ನೆನಪಿಸಬೇಕು. ಜೂನ್ 5ರಂದು ದಿಗ್ಬಂಧನ ಶುರುವಾಯಿತು, ಸೌದಿ ಗಡಿ ಮುಚ್ಚಿತು, ಅಲ್ಲಿಂದ ಬರುತ್ತಿದ್ದ ಹಾಲು ನಿಂತಿತು. ಜುಲೈನಲ್ಲಿ ಹಸುಗಳೇ ವಿಮಾನ ಹತ್ತಿ ಕತಾರಿಗೆ ಬಂದವು! ಅವನ್ನು ತರಿಸಿದ ಬಲದ್ನಾ ಹೆಸರಿಗೆ ಅರಬ್ಬಿಯಲ್ಲಿ 'ನಮ್ಮ ನಾಡು' ಎಂದೇ ಅರ್ಥ. ದಿಗ್ಬಂಧನ 2021ರ ಜನವರಿಯಲ್ಲಿ ಮುಗಿದರೂ ಆ ಹಾಲು ಇಂದಿಗೂ ಅಂಗಡಿಯಲ್ಲಿದೆ. ಇವರು ಹಸು ತಂದರು, ನಮಗೆ ಒಂದು ಚೀಲ ಭಾರವೇ?

ಬೆಂಗಳೂರಿನಲ್ಲಿ ಹುಟ್ಟಿದ ವೈಲ್ಡ್‌ಕ್ರಾಫ್ಟ್ ನಮ್ಮಲ್ಲಿ ಹಲವರಿಗೆ ಕಾಲೇಜಿನ ಬೆನ್ನುಚೀಲದಿಂದಲೇ ಗೊತ್ತು. ಆದರೆ ಹೆಸರು ನೋಡಿ ಮಾರುಹೋಗಬೇಡಿ. ಡೆಕಾಥ್ಲಾನ್ ಫ್ರಾನ್ಸಿನ ಕಂಪನಿ, ಅದರ ಕೆಲವು ಸಾಮಾನು ಭಾರತದಲ್ಲೇ ತಯಾರಾಗುತ್ತವೆ. ಬ್ರ್ಯಾಂಡ್ ಹುಟ್ಟಿದ ಊರು ಬೇರೆ, ಹೊಲಿದ ಊರು ಬೇರೆ ಇರಬಹುದು. ಒಳಗಿನ ಚೀಟಿ ತಿರುಗಿಸಿ ಓದಿ.

ನನ್ನ ಮೆಚ್ಚಿನದು ಮಾತ್ರ ಯಾವ ಮಾಲ್‌ನಲ್ಲೂ ಸಿಗದು: ಚಳ್ಳಕೆರೆ ಕಡೆಯ ಕಂಬಳಿ. ಡೆಕ್ಕನಿ ಕುರಿಯ ಉಣ್ಣೆ, ಗುಣಿಮಗ್ಗದ ನೇಯ್ಗೆ, ಮೇಲೆ ಹುಣಸೆಬೀಜದ ಗಂಜಿ. ಇದನ್ನೇ ಕೊಪ್ಪೆ ಮಾಡಿ ಹೊದ್ದು ನಮ್ಮ ರೈತರು ಮಳೆಯಲ್ಲಿ ದುಡಿದದ್ದು. ಮೊದಮೊದಲು ಚುಚ್ಚುತ್ತದೆ, ತೂಕವೂ ಇದೆ, ಸುಳ್ಳೇಕೆ? ಆದರೆ ಜನವರಿಯ ರಾತ್ರಿ ಸೀಲೈನಿನಲ್ಲಿ ಬೆಂಕಿಯ ಸುತ್ತ ಕೂತಾಗ ಕಿಡಿ ಹಾರಿದರೆ ನೈಲಾನ್ ಜಾಕೆಟ್ ಕರಗಿ ತೂತಾಗುತ್ತದೆ, ಕಂಬಳಿಗೆ ಹೆಚ್ಚೇನೂ ಆಗುವುದಿಲ್ಲ. ಈಗ ಕುರಿ ಸಾಕುವುದೇ ಹೆಚ್ಚಾಗಿ ಮಾಂಸಕ್ಕೆ. ಉಣ್ಣೆಗೆ ಬೆಲೆಯಿಲ್ಲ, ನೇಕಾರರ ಮಕ್ಕಳು ಮಗ್ಗಕ್ಕೆ ಇಳಿಯುತ್ತಿಲ್ಲ. ಜುಲೈ ರಜೆಗೆ ಊರಿಗೆ ಹೋದಾಗ ನೇಕಾರರಿಂದಲೇ ಒಂದು ಕೊಂಡರೆ ದುಡ್ಡು ನೇರ ಅವರ ಕೈಗೆ.

ಟೆಂಟ್ ಮಾತ್ರ ಮನೆಗೊಂದು ಬೇಡ. ನಾವು ನಾಲ್ಕು ಮನೆಯವರು ಒಂದನ್ನೇ ಸರದಿಯಲ್ಲಿ ಬಳಸುತ್ತಿದ್ದೇವೆ. ಡಿಸೆಂಬರಿನ ಎರಡನೇ ವಾರಾಂತ್ಯಕ್ಕೆ ಅದು ಖಾಲಿ ಇದೆ. ಬೇಕಾದವರು ಒಯ್ಯಿರಿ, ಮರಳಿಸುವಾಗ ಗೂಟ ಎಣಿಸಿ ಕೊಡಿ. ಹದಿನಾಲ್ಕು ಇರಬೇಕು.