ಏಡಾ ಯಾರ ಮಗಳು?

ಏಡಾ ಲವ್‌ಲೇಸ್ ಬಗ್ಗೆ ಯಾವ ಲೇಖನ ತೆರೆದರೂ ಮೊದಲ ಸಾಲಿನಲ್ಲೇ ಬೈರನ್ ಬಂದು ಕುಳಿತಿರುತ್ತಾನೆ. ಮಹಾಕವಿ ಬೈರನ್ನನ ಮಗಳು, ಜಗತ್ತಿನ ಮೊದಲ ಪ್ರೋಗ್ರಾಮರ್. ಕನ್ನಡದಲ್ಲಿ ಬರೆಯುವ ನಾವೂ ಈ ಸಾಲನ್ನು ಹಾಗೆಯೇ ಎತ್ತಿಕೊಳ್ಳುತ್ತೇವೆ. ನಾನೂ ಬರೆದವನೇ. ಈಗ ಆ ಸಾಲಿನ ಮೇಲೆ ನನಗೆ ತಕರಾರಿದೆ.

ಬೈರನ್ ಮತ್ತು ಅನ್ನಬೆಲ್ಲಾ ಮಿಲ್‌ಬ್ಯಾಂಕ್ ಮದುವೆಯಾದದ್ದು 1815ರ ಜನವರಿ 2ರಂದು. ಅದೇ ಡಿಸೆಂಬರ್ 10ರಂದು ಏಡಾ ಹುಟ್ಟಿದಳು. ಮುಂದಿನ ಜನವರಿಯ ನಡುವಿನಲ್ಲಿ ಅನ್ನಬೆಲ್ಲಾ ಐದು ವಾರದ ಕೂಸನ್ನು ಎತ್ತಿಕೊಂಡು ಲಂಡನ್ನಿನ ಮನೆ ಬಿಟ್ಟು ತವರಿಗೆ ಹೊರಟಳು. ಏಪ್ರಿಲ್‌ನಲ್ಲಿ ಬೈರನ್ ಇಂಗ್ಲೆಂಡನ್ನೇ ಬಿಟ್ಟ. ಆಮೇಲೆ ಮಗಳ ಮುಖ ನೋಡಲಿಲ್ಲ. 1824ರಲ್ಲಿ ಗ್ರೀಸಿನಲ್ಲಿ ಸತ್ತ. ಮಗಳನ್ನು ಕರೆದು ಮಾತಾಡಿಸುವ ಸಾಲುಗಳಿಂದ ಒಂದು ಕಾವ್ಯಭಾಗವನ್ನು ಶುರುಮಾಡಿದ, ನಿಜ. ಆದರೆ ಕಾವ್ಯದಲ್ಲಿ ಕರೆದದ್ದಕ್ಕೆ ಸಾಕಿದ ಲೆಕ್ಕ ಬರೆಯಲಾದೀತೆ?

ಆ ಕಾಲದ ಇಂಗ್ಲೆಂಡಿನ ಕಾನೂನಿನಲ್ಲಿ ಮಗು ತಂದೆಯ ಸ್ವತ್ತು. ಚಿಕ್ಕ ಮಕ್ಕಳು ತನ್ನ ಬಳಿ ಇರಲಿ ಎಂದು ತಾಯಿ ನ್ಯಾಯಾಲಯದಲ್ಲಿ ಬೇಡುವ ಹಕ್ಕು ಬಂದದ್ದು 1839ರಲ್ಲಿ, ಅದೂ ಏಳು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಆಗ ಏಡಾಗೇ ಮೂವರು ಮಕ್ಕಳಾಗಿದ್ದರು. 1816ರಲ್ಲಿ ಅನ್ನಬೆಲ್ಲಾ ಮಗುವಿನೊಂದಿಗೆ ಹೊಸಿಲು ದಾಟಿದಾಗ ಕಾನೂನು ಅವಳ ಬೆನ್ನಿಗಿರಲಿಲ್ಲ. ಇದನ್ನು ಮರೆತು ಅವಳನ್ನು ಕಲ್ಲೆದೆಯ ಹೆಂಗಸೆಂದು ಬರೆದವರ ಸಾಲು ಉದ್ದವಿದೆ.

ಗಣಿತದ ಮಾತಿಗೆ ಬರೋಣ. ಮದುವೆಗೆ ಮೊದಲೇ ಬೈರನ್ ಅವಳಿಗೆ ಸಮಾಂತರ ಚತುರ್ಭುಜಗಳ ರಾಜಕುಮಾರಿ ಎಂದು ಅಡ್ಡಹೆಸರಿಟ್ಟಿದ್ದ. ಅನ್ನಬೆಲ್ಲಾ ಹುಡುಗಿಯಾಗಿದ್ದಾಗಲೇ ವಿಲಿಯಂ ಫ್ರೆಂಡ್ ಎಂಬ ಗುರುವಿನಲ್ಲಿ ಗಣಿತ ಕಲಿತವಳು. ಮಗಳಿಗೂ ಅದೇ ಗುರುವನ್ನು ಕರೆಸಿದಳು. ಮುಂದೆ ಏಡಾಗೆ ಮೇರಿ ಸೋಮರ್‌ವಿಲ್ ಒಡನಾಟ ಸಿಕ್ಕಿತು, ನಮ್ಮ ಮಧುರೈನಲ್ಲಿ ಹುಟ್ಟಿದ ಆಗಸ್ಟಸ್ ಡಿ ಮಾರ್ಗನ್ ಪಾಠ ಹೇಳಿದ. 1843ರಲ್ಲಿ ಬ್ಯಾಬೇಜನ ಯಂತ್ರದ ಮೇಲಿನ ಲೇಖನವೊಂದನ್ನು ಫ್ರೆಂಚ್‌ನಿಂದ ಅನುವಾದಿಸಿ, ಮೂಲಕ್ಕಿಂತ ಉದ್ದದ ಟಿಪ್ಪಣಿಗಳನ್ನು ಅವಳು ಸೇರಿಸಿದ್ದು ಈ ಕಲಿಕೆಯ ಬಲದಿಂದ. ಗಂಡ ಲೇವಡಿಗೆ ಬಳಸಿದ ಹೆಸರೇ ಮಗಳ ಪಾಲಿಗೆ ಆಸ್ತಿಯಾಯಿತು. ಆದರೂ ಅಪ್ಪನ ಕವಿಹುಚ್ಚು ಮಗಳಿಗೆ ಅಂಟದಿರಲೆಂದು ತಾಯಿ ಗಣಿತದ ಕಷಾಯ ಕುಡಿಸಿದಳು ಎಂದೇ ನಾವು ಕತೆ ಹೇಳುತ್ತೇವೆ. ಆ ಭಯ ಅವಳಿಗಿತ್ತು, ಅಲ್ಲಗಳೆಯುವುದಿಲ್ಲ. ಆದರೆ ಅವಳಿಗೆ ಗಣಿತ ಬರುತ್ತಿತ್ತು, ಇಷ್ಟವಿತ್ತು ಎಂಬ ಸರಳ ಸಂಗತಿಯನ್ನು ಕತೆ ನುಂಗಿಹಾಕುತ್ತದೆ.

ವಂಶ, ವಂಶ ಎನ್ನುವವರಿಗೆ ವಂಶಾವಳಿಯನ್ನೇ ತೋರಿಸೋಣ. ಬೈರನ್ ಸತ್ತಾಗ ಅವನ ಪದವಿ ಹೋದದ್ದು ದಾಯಾದಿ ಜಾರ್ಜ್ ಆನ್ಸನ್ ಬೈರನ್‌ಗೆ. ಒಬ್ಬಳೇ ಸಕ್ರಮ ಮಗಳು ಏಡಾಗೆ ಅದು ಬರಲಿಲ್ಲ, ಹೆಣ್ಣಲ್ಲವೇ! ತಾಯಿಯ ಕಡೆಯ ವೆಂಟ್‌ವರ್ತ್ ಪದವಿ ಹಾಗಲ್ಲ, ಹೆಣ್ಣುಮಕ್ಕಳ ಮೂಲಕವೂ ಇಳಿಯುತ್ತಿತ್ತು. 1856ರಲ್ಲಿ ಅದು ಅನ್ನಬೆಲ್ಲಾಗೆ ಬಂತು, ಅವಳ ನಂತರ ಏಡಾಳ ಗಂಡುಮಕ್ಕಳಿಗೆ, 1917ರಲ್ಲಿ ಏಡಾಳ ಮಗಳು ಆ್ಯನ್ ಬ್ಲಂಟ್‌ಗೆ, ಅದೇ ವರ್ಷ ಅವಳು ತೀರಿಕೊಂಡ ಮೇಲೆ ಅವಳ ಮಗಳು ಜೂಡಿತ್‌ಗೆ. ಅರೇಬಿಯಾದ ಮರಳುಗಾಡು ದಾಟಿ ನಜ್ದ್ ತನಕ ಹೋಗಿ, ಅರಬ್ಬೀ ಕುದುರೆಗಳನ್ನು ಇಂಗ್ಲೆಂಡಿನಲ್ಲಿ ಸಾಕಿದ ಈ ಆ್ಯನ್‌ಳನ್ನೂ ಬೈರನ್ನನ ಮೊಮ್ಮಗಳು ಎಂದೇ ಪರಿಚಯಿಸುತ್ತಾರೆ. ತಾಯಿ ತೀರಿಕೊಂಡಾಗ ಹದಿನೈದರ ಹುಡುಗಿಯಾಗಿದ್ದ ಅವಳನ್ನು ಬೆಳೆಸುವುದರಲ್ಲಿ ಬಹುಪಾಲು ಅಜ್ಜಿಯದು.

ಇನ್ನೊಂದು ತಮಾಷೆ. 1822ರಲ್ಲಿ ಅತ್ತೆ ತೀರಿಕೊಂಡಾಗ ಅವಳ ಆಸ್ತಿಯ ಆದಾಯದಲ್ಲಿ ಪಾಲು ಪಡೆಯಲು ಬೈರನ್ ತನ್ನ ಹೆಸರಿಗೆ ಅತ್ತೆಯ ಮನೆತನದ 'ನೋಯಲ್' ಸೇರಿಸಿಕೊಂಡ. ದೂರದ ಇಟಲಿಯಲ್ಲಿದ್ದುಕೊಂಡೇ, ಬಿಟ್ಟ ಹೆಂಡತಿಯ ತವರಿನ ದುಡ್ಡು ಉಂಡವನು. ಹಾಗಿದ್ದೂ ಅವನ ಹೆಸರಿನಿಂದಲೇ ಈ ಹೆಂಗಸರನ್ನೆಲ್ಲ ಗುರುತಿಸಬೇಕಂತೆ.

ಅನ್ನಬೆಲ್ಲಾ ದೇವತೆಯಲ್ಲ. ಮಗಳನ್ನು ಅಂಕೆಯಲ್ಲಿಟ್ಟಳು, ಬೈರನ್ನನ ಚಿತ್ರವನ್ನು ಪರದೆಯ ಹಿಂದೆ ಇರಿಸಿ ಅವಳಿಂದ ಮುಚ್ಚಿಟ್ಟಳು, ಕೊನೆಯ ಕಾಯಿಲೆಯಲ್ಲಿ ಅವಳ ಮನೆಯ ಆಡಳಿತವನ್ನೇ ಕೈಗೆ ತೆಗೆದುಕೊಂಡಳು. 1852ರಲ್ಲಿ ಮೂವತ್ತಾರನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ಸತ್ತ ಏಡಾ ತನ್ನನ್ನು ತಂದೆಯ ಪಕ್ಕದಲ್ಲೇ ಮಣ್ಣುಮಾಡಬೇಕೆಂದು ಕೇಳಿಕೊಂಡಿದ್ದಳು. ಇದೇ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ದೊಡ್ಡ ಸಾಕ್ಷಿ. ಮಗಳು ತಾನೇ ಅಪ್ಪನನ್ನು ಆರಿಸಿಕೊಂಡಳಲ್ಲ ಎಂದು ನೀವು ಕೇಳಬಹುದು. ಆರಿಸಿಕೊಂಡಳು, ಹೌದು. ಎಂದೂ ಗದರಿಸದ, ಎಂದೂ ಮಗ್ಗಿ ಒಪ್ಪಿಸು ಎನ್ನದ, ಜ್ವರ ಬಂದಾಗ ಪಕ್ಕದಲ್ಲಿರದ ಅಪ್ಪನನ್ನು ಪ್ರೀತಿಸುವುದು ಸುಲಭ. ಅದು ಅವಳ ನೋವು. ನಮ್ಮ ಚರಿತ್ರೆಯ ಮೊದಲ ಸಾಲು ಅದಾಗಬೇಕಿಲ್ಲ.

ಏಡಾ ಹಕ್‌ನಲ್‌ನ ಚರ್ಚಿನಲ್ಲಿ ಬೈರನ್ನನ ಪಕ್ಕದಲ್ಲಿದ್ದಾಳೆ. 1834ರಲ್ಲಿ ಈಲಿಂಗ್‌ನಲ್ಲಿ ಬಡಮಕ್ಕಳಿಗೆ ಶಾಲೆ ತೆರೆದ, 1840ರಲ್ಲಿ ಲಂಡನ್ನಿನ ಗುಲಾಮಗಿರಿ ವಿರೋಧಿ ಸಮ್ಮೇಳನದಲ್ಲಿ ಕುಳಿತಿದ್ದ ಅನ್ನಬೆಲ್ಲಾ ಇರುವುದು ದೂರದ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಅಲ್ಲಿ ಸುಧಾರಕರ ನೆನಪಿಗೆ ನಿಲ್ಲಿಸಿದ ಒಂದು ಕಂಬವಿದೆ. ಅದರ ಮೇಲೆ ಕೆತ್ತಿರುವ ಹೆಸರುಗಳಲ್ಲಿ ಅವಳದೂ ಒಂದು.